ಪಟ್ಟಿಯ ಕೊನೆಯ ಹಸು

ನನ್ನ ಸೋದರತ್ತೆಯ ಮಗಳಿಗೆ ತಲೆ ಸರಿಯಿಲ್ಲವೆಂದು ನಾನು ಹೇಳಿದರೆ ನೀವು ಅದನ್ನು ಹೊಟ್ಟೆಕಿಚ್ಚು ಎನ್ನುತ್ತೀರಿ. ಹೊಟ್ಟೆಕಿಚ್ಚೇ! ಆದರೆ ಹೊಟ್ಟೆಕಿಚ್ಚಿನಿಂದ ಹೇಳಿದ್ದೆಲ್ಲ ಸುಳ್ಳಾಗಿರಬೇಕೆಂದು ಯಾವ ಶಾಸ್ತ್ರ ವಿಧಿಸಿದೆ?

ಮಾಲೂರಿನವಳು, ನನಗಿಂತ ಎರಡು ವರ್ಷ ದೊಡ್ಡವಳು. ಹಸುಗಳ ಲಸಿಕೆಯ ದಾಖಲೆ ಇಡುವ ಕೋಲಾರದ ಒಂದು ಖಾಸಗಿ ಕಚೇರಿಯಲ್ಲಿ ಡೇಟಾಬೇಸ್ ನೋಡಿಕೊಳ್ಳುತ್ತಾಳೆ. ನಾನೋ, ವಿಶ್ವವಿದ್ಯಾಲಯದಿಂದ ಚಿನ್ನದ ಪದಕ ತಂದ ಎಂ.ಎ. ಆದರೆ ತಾಯಲೂರಿನ ಹತ್ತಿರದ ನಮ್ಮ ಮನೆಯಲ್ಲಿ ಅಮ್ಮ "ನಾ ಬಂಗಾರು ತಲ್ಲಿ", ನನ್ನ ಚಿನ್ನದಂಥ ತಾಯಿ, ಎಂದು ತೆಲುಗಿನಲ್ಲಿ ಮುದ್ದುಗರೆಯುವುದು ಯಾರನ್ನು? ಚಿನ್ನ ತಂದವಳನ್ನಲ್ಲ!

ಒಮ್ಮೆ ನಮ್ಮೂರಿಗೆ ಬಂದವಳನ್ನು ಅಮ್ಮ ಅಂಗಡಿಗೆ ಕಳುಹಿಸಿದಳು. ಹನ್ನೊಂದು ಸಾಮಾನಿಗೆ ಇವಳು ಹನ್ನೊಂದು ಚೀಟಿ ಬರೆದುಕೊಂಡು ಹೋದಳು.

"ಏನಮ್ಮಾ, ಲಾಟರಿ ಎತ್ತಿಸ್ತೀಯಾ?" ಎಂದ ಅಂಗಡಿಯವನು.

"ಇಲ್ಲಣ್ಣಾ, ಒಂದೇ ಚೀಟೀಲಿ ಬರೆದ್ರೆ ಕೊನೇದು ಬಿಟ್ಟೋಗುತ್ತೆ. ಬಿಟ್ಟೋಗಿದ್ದು ನಿಂಗೂ ಗೊತ್ತಾಗಲ್ಲ, ನಂಗೂ ಗೊತ್ತಾಗಲ್ಲ."

ಅವನು ನಕ್ಕು ಕಳಿಸಬೇಕಿತ್ತು ತಾನೇ? ಈಗ ನಾನು ಒಂದೇ ಹಾಳೆ ಹಿಡಿದು ಹೋದರೆ, "ಓದಿದೋಳು ನೀನು, ಬಿಡಿಬಿಡಿಯಾಗಿ ಬರೆಯೋಕಾಗಲ್ವಾ?" ಎಂದು ನನಗೇ ಪಾಠ!

ಇನ್ನೊಮ್ಮೆ ಅವಳನ್ನು ನೋಡಲು ಶ್ರೀನಿವಾಸಪುರದಿಂದ ಗಂಡಿನ ಕಡೆಯವರು ಬಂದರು. "ಯಾರ್ಯಾರಿಗೆ ಕಾಫಿ?" ಎಂದು ಕೇಳಿದಳು. ಸಂಕೋಚದ ಜನ, ಬಾಯಿ ಬಿಡಲಿಲ್ಲ. ಇವಳು ಬಂದು ತಣ್ಣಗೆ ಕುಳಿತುಬಿಟ್ಟಳು. ಅತ್ತೆ ಕಣ್ಣು ಕೆಂಪಾಗಿಸಿದರೆ, "ಪಟ್ಟಿ ಖಾಲಿ ಅಂದ್ರೆ ಎಲ್ಲರ್ಗೂ ಅಂತಲ್ಲಮ್ಮಾ, ಯಾರ್ಗೂ ಬೇಡ ಅಂತ!" ಎಂದಳು. ಅಷ್ಟಾದರೂ ಹುಡುಗ ಒಣಗಿದ ಗಂಟಲಲ್ಲೇ ಒಪ್ಪಿಗೆ ಕೊಟ್ಟ; ಬೇಡವೆಂದವಳು ಇವಳು. ನನ್ನನ್ನು ನೋಡಲು ಬಂದ ಮೂರು ಕಡೆಯವರು ಕೇಸರಿಬಾತು ತಿಂದು, ಎರಡೆರಡು ಲೋಟ ಕಾಫಿ ಕುಡಿದು ಹೋದವರು ಇಂದಿಗೂ ಉತ್ತರಿಸಿಲ್ಲ!

ಈ ವರ್ಷ ಪಕ್ಕದ ಊರಿಗೆ ಕಾಲುಬಾಯಿ ಜ್ವರ ಬಂತು. ನಮ್ಮೂರಿಗೋ ಎರಡು ಸುತ್ತಿನಿಂದ ಲಸಿಕೆಯೇ ಬಂದಿರಲಿಲ್ಲ. ಅಮ್ಮನಿಗಿರುವುದು ಒಂದೇ ಹಸು, ಅದೂ ಆಗಷ್ಟೇ ಕರು ಹಾಕಿತ್ತು. 'ಹೊಣೆ ಯಾರು?' ಎಂಬ ತಲೆಬರಹದಡಿ ನಾನು ಅವಳ ಕಚೇರಿಗೆ ಮೂರು ಪತ್ರ ಬರೆದೆ. ಎಂಥ ವಾಕ್ಯಗಳು, ಎಂಥ ವ್ಯಂಗ್ಯ! ಉತ್ತರ ಮಾತ್ರ ಇಲ್ಲ.

"ನಿನ್ ಕಾಗದ ನೋಡಿ ಜ್ವರ ಹಿಂದಕ್ಕೋಗುತ್ತೇನೇ? ಅವಳಿಗೊಂದು ಫೋನ್ ಮಾಡೇ" ಎಂದಳು ಅಮ್ಮ.

ಫೋನೇ? ಜಗಳವಾಡಲೆಂದೇ ಕೋಲಾರದ ಬಸ್ಸು ಹತ್ತಿದೆ.

ಅವಳು ಕಂಪ್ಯೂಟರ್ ತೆರೆದು ಹುಡುಕಿದಳು. ಲಸಿಕೆ ಬಾಕಿಯಿರುವ ಹಸುಗಳ ಕಿವಿಯೋಲೆಯ ಸಂಖ್ಯೆಗಳನ್ನೆಲ್ಲ ಅಲ್ಪವಿರಾಮ ಹಾಕಿ ಒಂದೇ ಸರವಾಗಿ ಪೋಣಿಸಿ 'ಸ್ಟೋರ್ಡ್ ಪ್ರೊಸೀಜರ್'ಗೆ, ಎಂದರೆ ಡೇಟಾಬೇಸಿನೊಳಗೇ ಬರೆದಿಟ್ಟ ಸಿದ್ಧ ಆದೇಶಗಳ ಕಟ್ಟಿಗೆ, ಕೊಡುತ್ತಾರೆ. ಅದು ಸರ ಬಿಡಿಸಿ ಲಸಿಕೆಯವರ ಕೈಗೆ ಹಾಳೆ ಕೊಡುತ್ತದೆ. ಆ ಸರಕ್ಕೆಂದು ಇಟ್ಟ ಜಾಗಕ್ಕೊಂದು ಅಳತೆಯಿತ್ತು. ಹಸುಗಳು ಹೆಚ್ಚಿದವು, ಜಾಗ ಹೆಚ್ಚಲಿಲ್ಲ. ಮೀರಿದ ಬಾಲವನ್ನು ಅದು ಸದ್ದಿಲ್ಲದೆ ಕತ್ತರಿಸುತ್ತಿತ್ತು. ತಪ್ಪಾಯಿತೆಂದು ಒಂದಕ್ಷರ ತೋರಿಸುತ್ತಿರಲಿಲ್ಲ. ಗಡಿಯಂಚಿನ ನಮ್ಮೂರು ಪಟ್ಟಿಯ ಕಟ್ಟಕಡೆಯದು.

"ಯಾವ ಮಹಾನುಭಾವ ಬರೆದದ್ದು ಇದನ್ನ?" ಗುಡುಗಿದೆ.

"ನಾನೇ ಕಣೇ. ಕೆಲಸಕ್ಕೆ ಸೇರಿದ ಹೊಸದ್ರಲ್ಲಿ. ಬುದ್ಧಿ ಬಂದ್ಮೇಲೆ ಸರ ಕಳ್ಸೋದು ಬಿಟ್ಟು, ಒಂದೊಂದು ಹಸುಗೆ ಒಂದೊಂದು ಸಾಲು ಇರೋ ಟೇಬಲ್ಲನ್ನೇ ಕಳ್ಸೋ ಹಾಗೆ ಎಲ್ಲಾ ತಿದ್ದಿದೆ. ಇದೊಂದು ಬಿಟ್ಟೋಯ್ತು."

ಗೆದ್ದೆ! ಹುಟ್ಟಿದಾಗಿನಿಂದ ಕಾದ ತಪ್ಪು ಕೊನೆಗೂ ಕೈಗೆ ಸಿಕ್ಕಿತು. ಆದರೆ ಹೊಣೆ ಯಾರೆಂದು ನಾನು ಎಷ್ಟೋ ಕಚೇರಿಗಳನ್ನು ಕೇಳಿದ್ದೇನೆ; 'ನಾನೇ' ಎಂದ ಮನುಷ್ಯರನ್ನು ಅಂದೇ ಮೊದಲು ಕಂಡದ್ದು.

ಮಧ್ಯಾಹ್ನದೊಳಗೆ ತಿದ್ದಿದಳು. ಹಾಳೆ ಕಳುಹಿಸಿ ಸುಮ್ಮನಿರಬಹುದಿತ್ತಲ್ಲವೇ? ಮರುದಿನ ಬೆಳಿಗ್ಗೆ ಲಸಿಕೆಯವರ ಜೀಪಿನಲ್ಲಿ ತಾನೂ ಬಂದಿಳಿದಳು. ಪ್ರತಿ ಕೊಟ್ಟಿಗೆಯ ಮುಂದೆಯೂ ನಿಂತು, "ನಿಮ್ ಹಸು ಬಿಟ್ಟಿದ್ದು ನಾನು" ಎಂದಳು. ಒಬ್ಬ ಅಜ್ಜಿ, "ನಿನ್ ಕಂಪ್ಯೂಟರ್‌ಗೆ ಬೆಂಕಿ ಬೀಳ!" ಎಂದು ಉಗಿದದ್ದನ್ನೂ ತಲೆ ತಗ್ಗಿಸಿ ಕೇಳಿಸಿಕೊಂಡಳು.

ಕೊನೆಗೆ ನಮ್ಮ ಮನೆ. "ಅತ್ತೇ, ತಪ್ಪು ನಂದೇ" ಎಂದಳು. ಅಮ್ಮ ಕರುವಿನ ಮೈ ಸವರುತ್ತ ಮಾತಾಡದೆ ನಿಂತಳು. ಬಂಗಾರವೂ ಇಲ್ಲ, ತಲ್ಲಿಯೂ ಇಲ್ಲ. ಎಷ್ಟು ವರ್ಷಗಳಿಂದ ಈ ಮೌನಕ್ಕಾಗಿ ಹಂಬಲಿಸಿದ್ದೆ! ಅದು ಬಂದಾಗ ನನ್ನಿಂದ ಸಹಿಸಲಾಗಲಿಲ್ಲ.

ಲಸಿಕೆಯವರು ಸೂಜಿ ತೆಗೆದರು. ಅವಳು ಹಿಡಿದಿದ್ದ ಹಗ್ಗವನ್ನು ಹಸು ಜಗ್ಗಿತು.

"ಇತ್ತ ಕೊಡು ಅಕ್ಕಾ, ನಾನು ಹಿಡ್ಕೋತೀನಿ" ಎಂದೆ.

ಅಂದಿನವರೆಗೆ ಒಮ್ಮೆಯೂ ನಾನು ಅವಳನ್ನು ಅಕ್ಕ ಎಂದಿರಲಿಲ್ಲ.