ಮಾಮಾನ ನುಕ್ಸ್ ಗುಳಿಗೆ

ನಮ್ಮ ಮಾಮಾನ ಕೈಗುಣ ಎಂಥದೆಂದರೆ, ಗುಳಿಗೆ ನುಂಗುವ ಮೊದಲೇ ರೋಗಿ ಗುಣವಾಗಿ ಓಡಿಹೋಗುತ್ತಿದ್ದ!

ಮಾಮಾ ಅಂದರೆ ಅವ್ವನ ಅಣ್ಣ. ಎಪ್ಪತ್ತರ ದಶಕದಲ್ಲಿ ರಾಯಚೂರಿನಲ್ಲಿ ಸಂಸ್ಕೃತ ಮಾಸ್ತರರು. ಹೆಂಡತಿ ತೀರಿಕೊಂಡ ಮೇಲೆ ಒಂಟಿ ಜೀವ, ಕಾಲಿಗೆ ಚಕ್ರ. ರಜೆ ಬಂತೆಂದರೆ ಬೆಳಿಗ್ಗೆ ದೇವದುರ್ಗ, ಸಂಜೆ ಮಾನ್ವಿ! ಕೈಯಲ್ಲೊಂದು ಹೋಮಿಯೋಪತಿ ಪೆಟ್ಟಿಗೆ. ಔಷಧದ ಲ್ಯಾಟಿನ್ ಹೆಸರಿನ ಹುಟ್ಟು, ಅರ್ಥ, ವಿಭಕ್ತಿ ತಿಳಿಯದವನಿಗೆ ಗುಳಿಗೆ ನಾಟುವುದಿಲ್ಲ ಎಂಬುದು ಅವರ ಸಿದ್ಧಾಂತ. ಪಾಠ ಒಪ್ಪಿಸದೆ ಗುಳಿಗೆ ಇಲ್ಲ!

ಹಣ್ಣಿನಂಗಡಿಯ ಚಾಚಾ ಒಮ್ಮೆ ಹೊಟ್ಟೆ ಹಿಡಿದುಕೊಂಡು ಬಂದ. ಮಾಮಾ ಹೊಟ್ಟೆನೋವಿಗೆ ಕೊಡುವ ನುಕ್ಸ್ ವೋಮಿಕಾ ಗುಳಿಗೆಯ ಸೀಸೆ ತೆಗೆದು ಪಾಠ ಶುರು ಮಾಡಿದರು.

"ನುಕ್ಸ್ ಅಂದ್ರ ಗಟ್ಟಿ ಸಿಪ್ಪಿ ಕಾಯಿ. ಸ್ತ್ರೀಲಿಂಗ. ಅನ್ರಿ: ನುಕ್ಸ್, ನುಕಿಸ್, ನುಕೀ, ನುಕೆಮ್..."

"ಮಾಸ್ತರ್ ಸಾಬ್, ಹೊಟ್ಟಿ ನೋವು ಹೋತ್ರಿ, ಈಗ ತಲಿ ನೋಯಾಕತ್ತೈತಿ!" ಎಂದು ಚಾಚಾ ಚಪ್ಪಲಿ ಬಿಟ್ಟೇ ಓಡಿದ.

ದೇವದುರ್ಗದ ಮದುವೆಯೊಂದರಲ್ಲಂತೂ ಎಲ್ಲರೂ ಅಕ್ಷತೆ ಹಾಕುವಾಗ ಇವರು ಬೊಗಸೆ ತುಂಬ ಶೇಂಗಾಕಾಯಿ ಎಸೆದರು. ಬಡಿದದ್ದು ಪುರೋಹಿತರ ಹಣೆಗೆ!

"ರೋಮ್ ದೇಶದಾಗ ಮದುವ್ಯಾಗ ನುಕ್ಸ್ ತೂರತಿದ್ರು!"

"ಇದು ದೇವದುರ್ಗ ಅಣ್ಣಾ!" ಎಂದು ಅವ್ವ ಹಣೆ ಚಚ್ಚಿಕೊಂಡಳು.

ಇಂಥ ಧನ್ವಂತರಿಗೂ ವಾಸಿ ಮಾಡಲಾಗದ್ದು ಒಂದೇ ರೋಗ, ನಮ್ಮವ್ವನ ಹೊಟ್ಟೆನೋವು. ವಾರಕ್ಕೊಮ್ಮೆ ಬರುತ್ತಿತ್ತು. ಸುದ್ದಿ ಮುಟ್ಟಿದರೆ ಸಾಕು, ಮಾಮಾ ಬಸ್ಸು ಹಿಡಿದು ಮಾನ್ವಿಯ ನಮ್ಮ ಮನೆಗೆ ಹಾಜರು. ಅವ್ವ ರೊಟ್ಟಿ ಬಡಿಯುತ್ತ ವಿಭಕ್ತಿಯೆಲ್ಲ ತಪ್ಪು ತಪ್ಪಾಗಿ ಒಪ್ಪಿಸುವಳು. ಇವರು ಸಿಡಿಮಿಡಿಗೊಂಡು ಮೊದಲಿನಿಂದ ಹೇಳಿಕೊಡುವರು. ಮುಗಿಯುವಷ್ಟರಲ್ಲಿ ಮಾಮಾನ ಊಟವೂ ಆಗಿರುತ್ತಿತ್ತು.

ಎರಡು ವರ್ಷ ಹೀಗೇ ಕಳೆಯಿತು. ಒಂದು ದಿನ ಮಾಮಾ ಪೆಟ್ಟಿಗೆಯನ್ನು ಕಟ್ಟೆಯ ಮೇಲಿಟ್ಟು, ನಿಂತಲ್ಲಿ ನಿಲ್ಲಲಾರದೆ ಅಂಗಳ ತುಂಬ ತಿರುಗಾಡಿದರು.

"ಒಡಹುಟ್ಟಿದ ತಂಗಿ ನೋವು ಕಳಿಯಾಕ ಆಗವಲ್ದು. ನಂದು ಎಂಥ ಔಷಧ! ಇನ್ನ ಮ್ಯಾಲೆ ದೊಡ್ಡ ಡಾಕ್ಟರಿಗೆ ತೋರಿಸು. ನಾ ಬರಂಗಿಲ್ಲ."

ಅವ್ವ ಹಿಟ್ಟಿನ ಕೈಯಲ್ಲೇ ಒಳಗೆ ಹೋಗಿ ಪೊಟ್ಟಣಗಳ ಗಂಟು ತಂದು ಮುಂದಿಟ್ಟಳು. ಎರಡು ವರ್ಷದ ಗುಳಿಗೆ, ಒಂದೂ ನುಂಗಿರಲಿಲ್ಲ!

"ನನಗ್ಯಾವ ನೋವೂ ಇಲ್ಲಣ್ಣಾ. ವೈನಿ ಹೋದಮ್ಯಾಲೆ ನೀ ಎಲ್ಲೀನೂ ಕೂತು ಉಂಡಿಲ್ಲ. ಬಾ ಅಂದ್ರ ಬರತಿದ್ದಿಲ್ಲ. ಹೊಟ್ಟಿ ನೋಯ್ತದ ಅಂದ್ರ ಓಡಿ ಬರತಿದ್ದಿ."

ಮಾಮಾ ಗಂಟನ್ನೇ ನೋಡುತ್ತ ನಿಂತರು. ಬೈಯುತ್ತಾರೆಂದು ನಾನು ಹೆದರಿದ್ದೆ. ಅವರು ಚಪ್ಪಲಿ ಬಿಟ್ಟು ಒಳಗೆ ಬಂದು, ತಾವೇ ಮಣೆ ಹಾಕಿಕೊಂಡು ಕೂತರು.

"ಹಸಿವಾಗ್ಯದ ತಂಗೀ, ಬಡಸು," ಎಂದರು. ಕಣ್ಣೀರು ಗಂಗಾಳಕ್ಕೆ ಬೀಳುತ್ತಿತ್ತು.