ಹವಾಮಾನದವರು ಬೆಟ್ಟ ಹತ್ತಿದ್ದು

ಕಸದ ಬುಟ್ಟಿ ಹಿಡಿದು ಮೆಟ್ಟಿಲಿಳಿಯುತ್ತಿರುವ ಮನುಷ್ಯನನ್ನು ನಿಲ್ಲಿಸಿ ಯಾರೂ ಪ್ರಶ್ನೆ ಕೇಳಬಾರದು. ತಪ್ಪಿಸಿಕೊಳ್ಳುವ ಆತುರದಲ್ಲಿ ಅವನು ಏನು ಬೇಕಾದರೂ ಹೇಳಿಬಿಡುತ್ತಾನೆ. ಬುಧವಾರ ಬೆಳಿಗ್ಗೆ ಆದದ್ದೂ ಅಷ್ಟೇ. ಎರಡನೇ ಮಹಡಿಯ ನಿವೃತ್ತ ಹೆಡ್‌ಮೇಷ್ಟ್ರು ಮೆಟ್ಟಿಲ ತಿರುವಿನಲ್ಲಿ ಗುಮಾಸ್ತನನ್ನು ಅಡ್ಡಗಟ್ಟಿ, ಊರಾಚೆಯ ಬೆಟ್ಟ ಹತ್ತುವುದಕ್ಕೆ ಯಾವ ಕಾಲ ಒಳ್ಳೆಯದು ಎಂದು ಕೇಳಿದರು. ಬುಟ್ಟಿಯ ತಳದಿಂದ ಏನೋ ತೊಟ್ಟಿಕ್ಕಿ ಗುಮಾಸ್ತನ ಹೆಬ್ಬೆರಳ ಮೇಲೆ ಬೀಳುತ್ತಿತ್ತು. ಅವನು ಉಸಿರು ತೆಗೆದುಕೊಳ್ಳದೆ ಒಪ್ಪಿಸಿದ:

"ಬೇಸಿಗೇಲಿ ಬಂಡೆ ಕಾಯುತ್ತೆ, ತೊರೆ ಬತ್ತುತ್ತೆ. ಮಳೆಗಾಲದಲ್ಲಿ ದಾರಿ ಜಾರುತ್ತೆ. ಚಳಿಗಾಲದಲ್ಲಿ ಮಂಜು ಮುಚ್ಚಿ ಮುಂದಿನ ಹೆಜ್ಜೆ ಕಾಣಲ್ಲ. ಮಳೆ ನಿಂತು ಚಳಿ ಶುರುವಾಗೋಕೆ ಮುಂಚೆ ಮೂರು ನಾಲ್ಕು ವಾರ ಸಿಗುತ್ತಲ್ಲ, ಅದೇ ಪ್ರಶಸ್ತ ಕಾಲ."

ಹಾಗಾದರೆ ಈಗಲೇ ಅಲ್ಲವೇ ಎಂದರು ಮೇಷ್ಟ್ರು. ಹೌದು, ಈಗಲೇ ಎಂದ. ಯಾವ ದಿನ ಎಂದರು. ಈ ಭಾನುವಾರ ಎಂದುಬಿಟ್ಟು ಇಳಿದು ಓಡಿದ.

ಈ ಮಾತುಗಳು ಅವನ ಸ್ವಂತದವಲ್ಲ. ಅವನು ಹವಾಮಾನ ಇಲಾಖೆಯ ಸ್ಟೋರ್ ಗುಮಾಸ್ತ. ಪೆನ್ಸಿಲು, ಶಾಯಿ, ನಕ್ಷೆ ಕಾಗದದ ಸುರುಳಿ, ಮಳೆ ಅಳೆಯುವ ಗಾಜಿನ ಕೊಳವೆ ಇವುಗಳನ್ನು ಕೇಳಿದವರಿಗೆ ಸಹಿ ಹಾಕಿಸಿಕೊಂಡು ಕೊಡುವುದು ಅವನ ಕೆಲಸ. ಇಲಾಖೆ ಯಾವಾಗಲೋ ಅಚ್ಚು ಹಾಕಿಸಿದ 'ಋತುಮಾನ ಮತ್ತು ಚಾರಣ' ಎಂಬ ಕರಪತ್ರದ ಎರಡು ಸಾವಿರ ಪ್ರತಿ ಅವನ ಕುರ್ಚಿಯ ಹಿಂದೆ ಕಟ್ಟುಕಟ್ಟಾಗಿ ಬಿದ್ದಿದ್ದವು. ಊಟ ಮಾಡುವಾಗ ಡಬ್ಬಿಯ ಕೆಳಗೆ ಹಾಸಿಕೊಳ್ಳುವುದು ಅದನ್ನೇ. ಹನ್ನೊಂದು ವರ್ಷ ದಿನಾ ಓದಿದರೆ ಯಾರಿಗಾದರೂ ಬಾಯಿಪಾಠ ಬರುತ್ತದೆ. ಅದು ಬಿಟ್ಟರೆ ಮೋಡಕ್ಕೂ ಅವನಿಗೂ ಇದ್ದ ನಂಟು, ಬಟ್ಟೆ ಒಣಹಾಕುವ ಯಾರಿಗಾದರೂ ಇರುವಷ್ಟೇ.

ಆದರೆ ಆರು ವರ್ಷದ ಹಿಂದೆ ಈ ಕಟ್ಟಡಕ್ಕೆ ಬಾಡಿಗೆಗೆ ಬಂದ ದಿನ ಅವನ ಹೆಂಡತಿ ನೆಲಮಹಡಿಯ ನಲ್ಲಿಯ ಹತ್ತಿರ, ನಮ್ಮನೆಯವರು ಹವಾಮಾನ ಇಲಾಖೆಯಲ್ಲಿದ್ದಾರೆ ಎಂದಿದ್ದಳು. ಅಷ್ಟು ಸಾಕಾಯಿತು. ಅಂದಿನಿಂದ ಅವನು ಎಲ್ಲರ ಬಾಯಲ್ಲಿ 'ಹವಾಮಾನದವರು'. ಹಪ್ಪಳ ಒಣಗಿಸುವುದು, ಗೋಡೆಗೆ ಸುಣ್ಣ ಬಳಿಸುವುದು, ಕೊಡೆ ಒಯ್ಯುವುದು ಬಿಡುವುದು, ಎಲ್ಲಕ್ಕೂ ಅವನನ್ನು ಕೇಳುವರು. ಅವನು ತಾನು ಮುನ್ಸೂಚನೆ ಕೊಡುವವನೆಂದು ಎಂದೂ ಹೇಳಿರಲಿಲ್ಲ, ಅಲ್ಲವೆಂದೂ ಹೇಳಿರಲಿಲ್ಲ. ನಲ್ಲಿಯ ಸಾಲಿನಲ್ಲಿ ಹೆಂಡತಿಗೆ ಸಿಗುತ್ತಿದ್ದ ಮೊದಲ ಸ್ಥಾನ ನೋಡಿದಾಗ ನಾಲಿಗೆ ಏಳುತ್ತಿರಲಿಲ್ಲ. ಅವಳೂ ಗಂಡ ಆಫೀಸಿನಲ್ಲಿ ಯಾವ ಕುರ್ಚಿಯಲ್ಲಿ ಕೂರುತ್ತಾನೆ ಎಂದು ಕೇಳಿದವಳಲ್ಲ.

ಅವನ ಮಾತನ್ನು ನಂಬದವನು ಇಡೀ ಕಟ್ಟಡದಲ್ಲಿ ಒಬ್ಬನೇ, ಕೆಳಮನೆಯ ಟೈಲರ್. ಹಿಂದೊಮ್ಮೆ ಏಣಿಯಿಂದ ಬಿದ್ದು ಅವನ ಎಡಮೊಣಕಾಲಿಗೆ ಪೆಟ್ಟಾಗಿತ್ತು. ಮಳೆ ಬರುವ ಮುಂಚೆ ಅದು ಚುಳುಕ್ ಎನ್ನುತ್ತದೆ, ಸರ್ಕಾರದ ಸಂಬಳ ತಿನ್ನದ ಮೊಣಕಾಲು ಸುಳ್ಳು ಹೇಳುವುದಿಲ್ಲ ಎಂಬುದು ಅವನ ವಾದ.

ಬುಧವಾರ ಸಂಜೆಯೊಳಗೆ ಮೇಷ್ಟ್ರು ಪಟ್ಟಿ ಮಾಡಿ ಮುಗಿಸಿದ್ದರು. ಮಕ್ಕಳೂ ಸೇರಿ ಹನ್ನೊಂದು ಜನ, ಒಂದು ವ್ಯಾನು, ಮುಂದಾಳು ಹವಾಮಾನದವರು. ಗುಮಾಸ್ತ ಸೊಂಟ ನೋವೆಂದ. ಮೂರನೇ ಮಹಡಿಯ ನರ್ಸಮ್ಮ ಅದೇ ರಾತ್ರಿ ಎಣ್ಣೆ ತಂದುಕೊಟ್ಟರು. ಶೂ ಇಲ್ಲವೆಂದ. ಮೇಷ್ಟ್ರು ತಮ್ಮ ಮಗನ ಹಳೆಯ ಶೂ ಕಳಿಸಿದರು, ಒಂದು ಅಳತೆ ಚಿಕ್ಕದು. ಹೆಂಡತಿ ಹೊಸ ಟೋಪಿ ಕೊಂಡು ತಂದಳು. ಇನ್ನು ಸತ್ತೇನೆಂದರೂ ಯಾರೂ ಬಿಡುವಂತಿರಲಿಲ್ಲ.

ಭಾನುವಾರ ಐದೂವರೆಗೆ ವ್ಯಾನು ಹೊರಟಿತು. ಟೈಲರ್ ಹತ್ತುವಾಗಲೇ ಮೊಣಕಾಲು ಸವರಿಕೊಂಡು ಇವತ್ತು ಮಳೆ ಗ್ಯಾರಂಟಿ ಎಂದ. ಎಲ್ಲರೂ ಗುಮಾಸ್ತನ ಮುಖ ನೋಡಿದರು. ಮಳೆ ಎಂದರೆ ಇಲ್ಲಿಂದಲೇ ಹಿಂದಿರುಗಬಹುದು ಎಂದು ಅವನ ಸೊಂಟ ಹೇಳಿತು. ಆದರೆ ಟೈಲರ್ ಮೊಣಕಾಲಿನ ಮುಂದೆ ಇಲಾಖೆ ಸೋಲುವುದೇ ಎಂಬಂತೆ ಹೆಂಡತಿ ನೋಡುತ್ತಿದ್ದಳು. ಮಳೆ ಇಲ್ಲ ಎಂದ, ಅಧಿಕಾರವಾಣಿಯಿಂದ.

ಬೆಟ್ಟದ ಬುಡದಲ್ಲಿ ಹವೆ ನಿಜಕ್ಕೂ ಕರಪತ್ರದಲ್ಲಿ ಬರೆದಂತೆಯೇ ಇತ್ತು. ಮಳೆ ತೊಳೆದ ಹುಲ್ಲು, ತುಂಬಿದ ತೊರೆ, ತಣ್ಣಗಿನ ಗಾಳಿ. ಮೇಷ್ಟ್ರು ಪೀಪಿ ಊದಿ ಸಾಲು ನಿಲ್ಲಿಸಿ, ಮುಂದಾಳು ಮುಂದೆ ಬರಲಿ ಎಂದರು. ಮುಂದಾಳು ಮೊದಲ ಇಪ್ಪತ್ತು ನಿಮಿಷ ಮುಂದಿದ್ದ. ಆಮೇಲೆ ಮಕ್ಕಳು ದಾಟಿದರು, ನರ್ಸಮ್ಮ ದಾಟಿದರು, ಎಪ್ಪತ್ತೊಂದು ವರ್ಷದ ಮೇಷ್ಟ್ರು ಶಿಳ್ಳೆ ಹಾಕಿಕೊಂಡು ದಾಟಿದರು. ಕೊನೆಗೆ ಕುಂಟುವ ಟೈಲರೂ ದಾಟಿ, ನಿಧಾನವಾಗಿ ಬನ್ನಿ ಎಂದು ಕರುಣೆಯಿಂದ ಹೇಳಿದ. ಗುಮಾಸ್ತನ ಎದೆ ಕಮ್ಮಾರನ ತಿದಿಯಂತೆ ಏರಿಳಿಯುತ್ತಿತ್ತು. ಚಿಕ್ಕ ಶೂಗಳೊಳಗೆ ಹತ್ತು ಬೆರಳುಗಳೂ ಬಸ್ಸಿನ ಕೊನೆಯ ಸೀಟಿನಲ್ಲಿ ಕೂತವರಂತೆ ಒಂದರ ಮೇಲೊಂದು ಬಿದ್ದು ಜಗಳವಾಡುತ್ತಿದ್ದವು.

ಮೇಷ್ಟ್ರು ಬಿಡುವವರಲ್ಲ. ಪ್ರತಿ ತಿರುವಿನಲ್ಲೂ ನಿಂತು, ಕೋಲು ಮೇಲೆತ್ತಿ, ಅದು ಯಾವ ಜಾತಿಯ ಮೋಡ ಎಂದು ಕೇಳುವರು. ಗುಮಾಸ್ತನಿಗೆ ಗೊತ್ತಿದ್ದ ಭಾಷೆ ಸ್ಟೋರಿನದೊಂದೇ.

"ಎರಡನೇ ದರ್ಜೆ" ಎಂದ ಏದುತ್ತ.

"ಅಪಾಯ ಏನಾದ್ರೂ ಇದೆಯಾ?"

"ಇಲ್ಲ ಸಾರ್. ದಾಸ್ತಾನು ಕಡಿಮೆ. ವಿತರಣೆ ಆಗಲ್ಲ."

ಮೇಷ್ಟ್ರು ತಲೆದೂಗಿ ಮಕ್ಕಳಿಗೆ ಅದನ್ನು ವಿವರಿಸಿದರು. ಗುಮಾಸ್ತನ ಹೆಂಡತಿ, ಮನೆಯಲ್ಲಿ ಇವರು ಇಂಥದ್ದೆಲ್ಲ ಮಾತೇ ಆಡುವುದಿಲ್ಲ ಎಂದು ನರ್ಸಮ್ಮನಿಗೆ ಹೇಳಿದ್ದು ಅವನಿಗೆ ಕೇಳಿಸಿತು. ಆ ಧ್ವನಿಯಲ್ಲಿದ್ದ ಹೆಮ್ಮೆ ಕೇಳಿ ಅವನಿಗೆ ಬೆರಳಿನ ನೋವು ಒಂದು ಗಳಿಗೆ ಮರೆತುಹೋಯಿತು.

ಹನ್ನೆರಡು ಗಂಟೆಗೆ ತುದಿ ಕಣ್ಣಿಗೆ ಬಿತ್ತು. ಇನ್ನು ಕಾಲು ಗಂಟೆಯ ದಾರಿ, ಬೋಳುಬಂಡೆ. ಎಲ್ಲರೂ ನೀರು ಕುಡಿಯಲು ಕೂತರು. ಅಷ್ಟರಲ್ಲಿ ಟೈಲರ್ ಮತ್ತೆ ಮೊಣಕಾಲು ಹಿಡಿದು ಮುಖ ಕಿವುಚಿದ. ಗುಮಾಸ್ತನ ಎದೆಯೊಳಗೆ ಅನುಮಾನ ಹೊಕ್ಕಿತು. ಏನಾದರೂ ಆದರೆ? ಇಷ್ಟು ಜನ ತನ್ನ ಒಂದು ಮಾತಿನ ಮೇಲೆ ಬಂದಿದ್ದಾರೆ. ಒಂದಕ್ಕೆ ಹೋಗಿಬರುವ ನೆಪ ಹೇಳಿ ದೊಡ್ಡ ಬಂಡೆಯೊಂದರ ಹಿಂದೆ ಹೋಗಿ ಮೊಬೈಲ್ ತೆಗೆದು ಆಫೀಸಿನ ಡ್ಯೂಟಿ ಕೋಣೆಗೆ ಫೋನು ಮಾಡಿದ. ಭಾನುವಾರದ ಡ್ಯೂಟಿಯ ವೀಕ್ಷಕ ಎತ್ತಿಕೊಂಡ.

ಸ್ಟೋರಿನವನೆಂದು ಗೊತ್ತಾದ ಕೂಡಲೇ ವೀಕ್ಷಕ, ತಾನು ಕಪ್ಪು ಶಾಯಿ ಕೇಳಿ ಮೂರು ತಿಂಗಳಾಯಿತು ಎಂದು ಶುರು ಮಾಡಿದ. ಸೋಮವಾರ ಎರಡು ಬಾಟಲಿ ತಾನೇ ತಂದು ಮೇಜಿನ ಮೇಲಿಡುತ್ತೇನೆ ಎಂದು ಗುಮಾಸ್ತ ಆಣೆ ಮಾಡಿದ ಮೇಲೆ, ಕಾಗದ ಸರಿಸುವ ಸದ್ದು ಕೇಳಿತು.

"ಆ ಬೆಟ್ಟದ ಕಡೆನಾ? ಎರಡು ಗಂಟೆಯೊಳಗೆ ಜೋರು ಮಳೆ. ಗುಡುಗು, ಸಿಡಿಲು ಎಲ್ಲಾ ಇದೆ. ಬೋಳು ಜಾಗದಲ್ಲಿ ಯಾರೂ ನಿಂತಿರಬಾರದು."

ಗುಮಾಸ್ತ ಮೇಲೆ ನೋಡಿದ. ಆಕಾಶ ಈಗಷ್ಟೇ ಒಗೆದು ಹಿಂಡಿ ಹರವಿದ ನೀಲಿ ಪಂಚೆಯ ಹಾಗಿತ್ತು. ಆದರೆ ಹೇಳಿದವನು ಓದಿದವನು. ಬಂಡೆ ಸುತ್ತಿ ಓಡಿಬಂದು, ಮಳೆ ಬರುತ್ತದೆ, ಈಗಲೇ ಇಳಿಯಬೇಕು ಎಂದ.

ಯಾರೂ ಏಳಲಿಲ್ಲ. ಮುಂದಾಳುಗಳು ಸುಸ್ತಾಗಿದ್ದಾರೆ ಎಂದು ನರ್ಸಮ್ಮ ನಕ್ಕರು. ದಾಸ್ತಾನು ಕಡಿಮೆ ಎಂದಿರಲ್ಲ, ಒಂದು ಗಂಟೆಯಲ್ಲಿ ಎಲ್ಲಿಂದ ಬಂತು ಎಂದು ಮೇಷ್ಟ್ರು ಕೇಳಿದರು. ಈಗಷ್ಟೇ ಮುಖ ಕಿವುಚಿದ್ದ ಟೈಲರಂತೂ ಕಾಲು ನೀಡಿ ಕೂತು, ಈಗ ಮೊಣಕಾಲು ಹಸುಗೂಸಿನ ಹಾಗೆ ಮಲಗಿದೆ, ಬೆಳಗಿನದು ವ್ಯಾನಿನ ಸೀಟಿನ ನೋವಿರಬೇಕು ಎಂದುಬಿಟ್ಟ. ಇಬ್ಬರು ಮಕ್ಕಳು ಆಗಲೇ ತುದಿಯ ಕಡೆ ಓಡತೊಡಗಿದ್ದರು.

ಗುಮಾಸ್ತ ಹೆಂಡತಿಯ ಕಡೆ ನೋಡಿದ. ಅವಳೂ ಹೋಗಲು ಸೆರಗು ಸಿಕ್ಕಿಸಿಕೊಳ್ಳುತ್ತಿದ್ದಳು. ಬೋಳುಬಂಡೆಯ ಮೇಲೆ ಇವಳು, ಆ ಮಕ್ಕಳು, ಮೇಲಿಂದ ಸಿಡಿಲು. ಆರು ವರ್ಷ ನುಂಗಿಕೊಂಡಿದ್ದು ಒಂದೇ ಸಲಕ್ಕೆ ಹೊರಬಿತ್ತು.

"ನಿಲ್ಲಿ. ನನಗೆ ಮಳೆ ಗೊತ್ತಿಲ್ಲ, ಮೋಡ ಗೊತ್ತಿಲ್ಲ, ಏನೂ ಗೊತ್ತಿಲ್ಲ. ನಾನು ಮುನ್ಸೂಚನೆ ಕೊಡೋನಲ್ಲ. ಸ್ಟೋರಲ್ಲಿ ಪೆನ್ಸಿಲ್ ಕೊಡೋನು. ಇದುವರೆಗೆ ಹೇಳಿದ್ದೆಲ್ಲ ಬಾಯಿಗೆ ಬಂದಿದ್ದು. ಆದ್ರೆ ಇದು ನಂದಲ್ಲ. ಈಗ ತಾನೇ ಆಫೀಸಿಗೆ ಫೋನು ಮಾಡಿ ಗೊತ್ತಿರೋರನ್ನ ಕೇಳಿದೆ. ಎರಡರೊಳಗೆ ಸಿಡಿಲು ಹೊಡೆಯುತ್ತಂತೆ. ನನ್ನನ್ನ ಆಮೇಲೆ ಏನು ಬೇಕಾದ್ರೂ ಅನ್ನಿ, ಮೊದಲು ಇಳೀರಿ."

ಹೆಂಡತಿ ಅವನನ್ನು ಬಸ್ ನಿಲ್ದಾಣದಲ್ಲಿ ಅಪರಿಚಿತನನ್ನು ನೋಡುವಂತೆ ನೋಡಿದಳು. ಆ ನೋಟ ಕಂಡು, ಸಿಡಿಲು ಈಗಲೇ ಬಿದ್ದರೆ ತನ್ನೊಬ್ಬನ ಮೇಲೆ ಬೀಳಲಿ ಎಂದು ಗುಮಾಸ್ತನಿಗೆ ಅನಿಸಿತು. ಮೇಷ್ಟ್ರು ಒಮ್ಮೆ ಪೀಪಿ ಊದಿ ಮಕ್ಕಳನ್ನು ವಾಪಸು ಕರೆದರು. ತುದಿ ಕಾಲು ಗಂಟೆಯ ದೂರದಲ್ಲಿರುವಾಗಲೇ ಹನ್ನೊಂದು ಜನ ಬೆನ್ನು ತಿರುಗಿಸಿದರು.

ಹತ್ತುವಾಗ ಹಿಮ್ಮಡಿ ಸುಲಿದಿದ್ದ ಶೂ ಇಳಿಯುವಾಗ ಉಗುರುಗಳ ಲೆಕ್ಕ ಚುಕ್ತಾ ಮಾಡಿತು. ಹೆಂಡತಿ ನರ್ಸಮ್ಮನ ಜೊತೆ ಮುಂದೆ ಹೋದಳು, ಒಮ್ಮೆಯೂ ತಿರುಗಿ ನೋಡಲಿಲ್ಲ. ಒಂದೂವರೆಗೆ ಬುಡ ತಲುಪಿದರು. ಒದ್ದೆಯಾಗಬಾರದೆಂದು ಊಟದ ಡಬ್ಬಿಗಳನ್ನು ವ್ಯಾನಿನೊಳಗೆ ಕೂತೇ, ಕಿಟಕಿಗಳನ್ನು ಮುಚ್ಚಿಕೊಂಡು ಬಿಚ್ಚಿದರು. ಒಳಗೆ ಒಲೆಯ ಮೇಲೆ ಕೂತಷ್ಟು ಸೆಕೆ. ಎರಡಾಯಿತು. ಎರಡೂ ಕಾಲಾಯಿತು. ಎರಡೂವರೆಗೆ ಟೈಲರ್ ಸದ್ದಿಲ್ಲದೆ ಕಿಟಕಿ ತೆರೆದು ತಲೆ ಹೊರಗೆ ಹಾಕಿದ. ಬಿಸಿಲಿಗೆ ಕಣ್ಣು ಬಿಡಲಾಗದೆ ಮತ್ತೆ ಒಳಗೆಳೆದುಕೊಂಡ.

ಕಟ್ಟಡದ ಅಂಗಳದಲ್ಲಿ ಇಳಿದಾಗ ನಾಲ್ಕು ಗಂಟೆ. ಆಕಾಶದಲ್ಲಿ ಮೋಡವೆಂಬುದು ಹೆಸರಿಗೂ ಇರಲಿಲ್ಲ. ಎಲ್ಲರೂ ಮೊದಲು ಮೇಲೆ ನೋಡಿದರು, ಆಮೇಲೆ ಗುಮಾಸ್ತನನ್ನು ನೋಡಿದರು. ಅವನು ವ್ಯಾನಿನ ಬಾಗಿಲು ಹಿಡಿದು ಒಂದು ಕಾಲಲ್ಲಿ ನಿಂತಿದ್ದ. ನಾಚಿಕೆಯೇನೋ ಇತ್ತು. ಆದರೆ ಅದರಡಿಯಲ್ಲಿ ಸಣ್ಣದೊಂದು ಸಮಾಧಾನವೂ ಇತ್ತು. ನಾಳೆಯಿಂದ ಯಾರೂ ಏನೂ ಕೇಳುವುದಿಲ್ಲ. ಹಪ್ಪಳವಿಲ್ಲ, ಸುಣ್ಣವಿಲ್ಲ, ಬೆಟ್ಟವಂತೂ ಇಲ್ಲವೇ ಇಲ್ಲ. ಸ್ಟೋರ್ ಗುಮಾಸ್ತನಾಗಿ ಮೆಟ್ಟಿಲು ಹತ್ತಿ ಹೋಗಿ ಬಿಸಿನೀರಲ್ಲಿ ಕಾಲಿಟ್ಟುಕೊಂಡು, ಹೆಂಡತಿಯ ಕಾಲು ಹಿಡಿದಾದರೂ ಕ್ಷಮೆ ಕೇಳಬಹುದು.

ಮೇಷ್ಟ್ರು ಕನ್ನಡಕ ಒರೆಸಿ ಹಾಕಿಕೊಂಡರು. ದಾರಿಯುದ್ದಕ್ಕೂ ತಾವು ಇದನ್ನೇ ಯೋಚಿಸುತ್ತಿದ್ದುದಾಗಿ ಶುರು ಮಾಡಿದರು.

"ಮೂವತ್ತಾರು ವರ್ಷ ಪಾಠ ಹೇಳಿದೋನು ನಾನು. ಸುಳ್ಳು ಹೇಳೋ ಮುಖ ನನಗೆ ಗೊತ್ತು. ಪೆನ್ಸಿಲ್ ಕೊಡೋನು ಅಂದ್ರೆ ನಮ್ಮ ನಿಮ್ಮ ಹಾಗೆ. ಅವನು ಇವತ್ತಿನ ಆಕಾಶ ನೋಡಿದ್ರೆ ಬಿಸಿಲು ಅಂತಲೇ ಹೇಳ್ತಿದ್ದ. ಇಂಥ ಆಕಾಶದ ಕೆಳಗೆ ನಿಂತುಕೊಂಡು ಗುಡುಗು ಸಿಡಿಲು ಅಂತ ಹೇಳಬೇಕಾದ್ರೆ ತುಂಬಾ ಓದಿರಬೇಕು."

ಅಂಗಳದಲ್ಲಿ ಒಂದು ಗುಜುಗುಜು ಎದ್ದಿತು. ಹೌದಲ್ಲ ಎಂದರು ನರ್ಸಮ್ಮ. ಬೆಳಿಗ್ಗೆ ಹೇಳಿದ್ದು ತಪ್ಪಾಯಿತೆಂದು ಮರ್ಯಾದೆಗೆ ಅಂಜಿ ಪಾಪ ಪೆನ್ಸಿಲಿನ ಕತೆ ಕಟ್ಟಿದ್ದಾರೆ ಎಂದು ಬಿಡಿಸಿ ಹೇಳಿದರು. ಗುಮಾಸ್ತ ಇಲ್ಲ ಇಲ್ಲ, ನಿಜವಾಗಿಯೂ ಸ್ಟೋರು, ಬೇಕಾದರೆ ಬಂದು ನೋಡಿ ಎಂದ. ದೊಡ್ಡವರು ಹೀಗೇ, ಎಷ್ಟು ವಿನಯ ನೋಡಿ ಎಂದು ಮೇಷ್ಟ್ರು ಅವನ ಭುಜ ತಟ್ಟಿದರು. ಮಧ್ಯಾಹ್ನದಿಂದ ಕಲ್ಲಾಗಿದ್ದ ಹೆಂಡತಿ ಹತ್ತಿರ ಬಂದು ಅವನ ಟೋಪಿ ಸರಿಪಡಿಸಿದಳು.

"ಇಷ್ಟಕ್ಕೆಲ್ಲ ಹಾಗಾ ಹೇಳೋದು ರೀ? ನನ್ನ ಜೀವಾನೇ ಹೋಗಿತ್ತು" ಎಂದಳು. ಅವಳ ಕಣ್ಣಲ್ಲಿ ನೀರಿತ್ತು, ಮುಖ ತುಂಬ ನಗೆಯಿತ್ತು. ಆ ನಗೆಯನ್ನು ಕಂಡು, ಗುಮಾಸ್ತ ಮತ್ತೊಮ್ಮೆ ತೆರೆದಿದ್ದ ಬಾಯನ್ನು ಮುಚ್ಚಿಕೊಂಡ.

ತುದಿ ನೋಡದೆ ಬಂದದ್ದು ಮಕ್ಕಳಿಗೆ ಬೇಸರವಾಗಿದೆ, ಪ್ರಶಸ್ತ ಕಾಲ ಮುಗಿಯಲು ಇನ್ನೂ ಎರಡು ವಾರವಿದೆ ಎಂದು ಮೇಷ್ಟ್ರು ನೆನಪಿಸಿದರು. ಮುಂದಿನ ಭಾನುವಾರ ಹೇಗಿರುತ್ತದೆ ಎಂದು ಎಲ್ಲರೂ ಅವನ ಕಡೆ ತಿರುಗಿದರು. ಗುಮಾಸ್ತನ ಹೆಬ್ಬೆರಳು ಶೂ ಒಳಗೆ ಮಿಡಿಯಿತು. ಉಳಿಯಲು ಇದ್ದದ್ದು ಇದೊಂದೇ ದಾರಿ ಎಂದುಕೊಂಡು ಧ್ವನಿ ಗಟ್ಟಿ ಮಾಡಿಕೊಂಡ.

"ಮುಂದಿನ ಭಾನುವಾರ ಭಾರಿ ಮಳೆ. ಬಿರುಗಾಳಿ, ಆಲಿಕಲ್ಲು, ಗುಡ್ಡ ಕುಸಿಯೋಷ್ಟು ಮಳೆ. ಯಾರೂ ಮನೆ ಬಿಟ್ಟು ಹೊರಗೆ ಕಾಲಿಡಬಾರದು."

ಟೈಲರ್, ಆರು ವರ್ಷದಲ್ಲಿ ಮೊದಲ ಸಲ, ಪೂರ್ತಿ ನಂಬಿಕೆಯಿಂದ ಅವನತ್ತ ತಲೆಯಾಡಿಸಿ ವ್ಯಾನಿನ ಡ್ರೈವರ್ ಕಡೆ ತಿರುಗಿದ.

"ಕೇಳಿಸ್ಕೊಂಡೆಯಲ್ಲಪ್ಪ, ಫಸ್ಟ್ ಕ್ಲಾಸ್ ಬಿಸಿಲಿರುತ್ತೆ. ಮುಂದಿನ ವಾರಾನೂ ಐದೂವರೆಗೇ ಬಂದ್ಬಿಡು."