ಗಿಡುಗನಿಗೆ ಬಡಿಸಿದ ಎಲೆ

ಲಿಂಗಪೂಜೆ ಮುಗಿಸಿ, ಒಬ್ಬರಿಗಾದರೂ ತುತ್ತು ಇಕ್ಕದೆ ಬಸವಲಿಂಗಮ್ಮ ತಾನು ಉಂಡವಳಲ್ಲ. ಜ್ವರ ಬರಲಿ, ಸಿಡಿಲೇ ಬಡಿಯಲಿ, ಈ ನೇಮ ತಪ್ಪಿದ್ದಿಲ್ಲ. ತೊಂದರೆ ಒಂದೇ. ತುತ್ತು ಸಿದ್ಧವಿರುತ್ತಿತ್ತು, ಬಾಯಿ ಸಿಗುತ್ತಿರಲಿಲ್ಲ.

ಪ್ಲೇಗಿನ ವರ್ಷ ಸಾತನೂರಿನ ಅರ್ಧ ಜನ ಹೊಲಕ್ಕೆ ಬಂದು ಗುಡಿಸಲು ಹಾಕಿದಾಗ ಅವಳ ಗಂಡನೂ ಇಲ್ಲೊಂದು ಮನೆ ಎಬ್ಬಿಸಿದ. ಆಗ ಉಣ್ಣುವವರು ಸಾಲುಗಟ್ಟಿದ್ದರು. ಮಾರಿ ತೊಲಗಿತು, ಜನ ಊರಿಗೆ ಮರಳಿದರು, ಇವರಿಬ್ಬರೇ ಹೊಲದಲ್ಲಿ ಉಳಿದರು. ಆಮೇಲೆ ಗಂಡನೂ ಲಿಂಗೈಕ್ಯನಾದ. (ಪ್ಲೇಗಿನ ಕಾಲವೇ ಚೆನ್ನಾಗಿತ್ತು ಎಂದು ಒಮ್ಮೆ ಬಾಯಿತಪ್ಪಿ ಅಂದು, ಕೆನ್ನೆ ಕೆನ್ನೆ ಬಡಿದುಕೊಂಡಿದ್ದಳು.) ಭಿಕ್ಷೆಗೆ ಬರುವ ಜಂಗಮಯ್ಯನೋ ಮೂರು ತಿಂಗಳಿಗೊಮ್ಮೆ. ದಾರಿಹೋಕರನ್ನು ಕಾಯುತ್ತ ಕೂತರೆ ಬಿಸಿಲು ಇಳಿದು ಅನ್ನ ಹಳಸುತ್ತಿತ್ತು.

ಆ ಬೇಸಗೆಯಲ್ಲಿ ಅಂಗಳದ ಮಾವಿನ ಮರದಲ್ಲಿ ಗಿಡುಗದ ಜೋಡಿ ಗೂಡು ಕಟ್ಟಿತು. ಅತಿಥಿಗಳು ತಾವಾಗಿ ಬಂದಿದ್ದಾರೆ! ಬಸವಲಿಂಗಮ್ಮ ಮುತ್ತುಗದೆಲೆಯಲ್ಲಿ ನವಣೆ ಅನ್ನ ಬಡಿಸಿ ಚಪ್ಪಡಿಯ ಮೇಲಿಟ್ಟಳು. ಉಣ್ಣುವವರ ಬಾಯಿ ನೋಡಬಾರದಲ್ಲ? ಒಳಗೆ ಹೋಗಿ, ಗೋಡೆಗೆ ಮುಖ ಮಾಡಿ ನೂರೆಂಟು ಸಲ ಶಿವನಾಮ ಹೇಳಿದಳು. ಬಂದು ನೋಡಿದರೆ ಎಲೆ ಖಾಲಿ. ಗಿಡುಗರಾಯರು ಕೊಂಬೆಗೆ ಕೊಕ್ಕು ಒರೆಸಿಕೊಳ್ಳುತ್ತಿದ್ದಾರೆ!

ಅಂದಿನಿಂದ ಹೊತ್ತಿಗೆ ಸರಿಯಾಗಿ ಊಟ. ಉಂಡಾದ ಮೇಲೆ ಮರದ ಕೆಳಗೆ ಕೂತು, ತವರಿನ ಸುದ್ದಿ, ಮೊಣಕಾಲ ನೋವು ಎಲ್ಲವನ್ನೂ ಗೂಡಿಗೇ ಹೇಳುತ್ತಿದ್ದಳು.

ಪಕ್ಕದ ಹೊಲದ ಬೈರಮ್ಮ ಒಂದು ದಿನ ಗೊಬ್ಬರ ಹೊತ್ತು ಬಂದಾಗ ಬಸವಲಿಂಗಮ್ಮನಿಗೆ ಹೆಮ್ಮೆ ತಡೆಯಲಾಗಲಿಲ್ಲ.

"ನಮ್ಮ ಗಿಡುಗ ಮಾಂಸ ಬುಟ್ಟೈತೆ ಕಣೆ. ನವಣೆ ಅನ್ನ ಉಣ್ತೈತೆ."

"ನಮ್ಮ ಯಜಮಾನ್ರೇ ಬುಡ್ಲಿಲ್ಲ, ಗಿಡುಗ ಬುಡ್ತಾ? ಒಸಿ ನೋಡಾನ ಬನ್ನಿ ಅಕ್ಕ!"

ಇಬ್ಬರೂ ಬಾಗಿಲ ಸಂದಿಯಲ್ಲಿ ಅಡಗಿದರು. ಗುಬ್ಬಿಗಳ ದಂಡು ಇಳಿದು ಎಲೆ ಬಳಿಯಿತು. ಕೊನೆಯ ಅಗುಳಿಗೆ ಜಗಳಕ್ಕೆ ನಿಂತಿದ್ದ ದಪ್ಪ ಗುಬ್ಬಿಯ ಮೇಲೆ ಗಿಡುಗ ಎರಗಿತು, ಎತ್ತಿತು, ಕೊಂಬೆಗೆ ಹೋಯಿತು.

ಬೈರಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅಯ್ಯೋ ಅಕ್ಕ, ಮಾಂಸದಂಗಡಿ ಖಾಸಿಂ ಸಾಬ್ರೂ ಕುರೀನ ಹಿಂಗೆ ಮೇಯ್ಸಾಕಿಲ್ಲ!"

ಶಿವಶಿವಾ! ತಿಂಗಳಿಡೀ ಲಿಂಗಪೂಜೆ ಮಾಡಿದ ಕೈಯಿಂದಲೇ ಮಾಂಸದೂಟ ಬಡಿಸಿದ್ದಳು. ಮರುದಿನ ಎಲೆ ಹಾಕಲಿಲ್ಲ. ಅತಿಥಿಯಿಲ್ಲದೆ ತಾನೂ ಉಣ್ಣಲಿಲ್ಲ. ಎರಡು ದಿನ ಬರೀ ನೀರು.

ಮೂರನೆಯ ದಿನ ಬೈರಮ್ಮ ಬಂದಾಗ ಅವಳು ಕಂಬಕ್ಕೆ ಒರಗಿ ಕೂತಿದ್ದಳು. ವಿಷಯ ತಿಳಿದದ್ದೇ ಬೈರಮ್ಮ ಅವಳ ಕೈಯಲ್ಲೇ ಒಲೆ ಹಚ್ಚಿಸಿ, ತಾನೇ ಎಲೆ ಮುಂದೆ ಕೂತು ಎರಡು ತುತ್ತು ಉಂಡಳು.

"ಇವತ್ತಿಗೆ ನಾನಾದೆ, ಈಗ ನೀವುಣ್ಣಿ. ನಾಳಿಕ್ಕೆ ನಮ್ಮೋರ್ನ ಕಳಿಸ್ತೀನಿ, ಮರ ಹತ್ತಿ ಆ ಗೂಡು ಕಿತ್ತಾಕ್ತಾರೆ. ಆಮ್ಯಾಕೆ ಗುಬ್ಬಿಗೇ ಇಕ್ಕಿ, ಯಾವ ಪಾಪಾನೂ ಬರಾಕಿಲ್ಲ."

ಮೇಲೆ ಗೂಡಿನಲ್ಲಿ ಮರಿಗಳು ಕಿರುಚುತ್ತಿದ್ದವು. ಬಸವಲಿಂಗಮ್ಮ ಕೈಯಲ್ಲಿನ ತುತ್ತು ಹಾಗೇ ಹಿಡಿದು ಅತ್ತ ನೋಡಿದಳು.

"ಬ್ಯಾಡ ಕಣೆ ಬೈರಮ್ಮ. ಗುಬ್ಬಿ ಉಂಡು ಹಾರೋಯ್ತವೆ. ಇವು ಸಂಜೀಕೂ ಇಲ್ಲೇ ಇರ್ತವೆ. ಮರ ಹತ್ತಬ್ಯಾಡಿ ಅನ್ನು ನಿನ್ನ ಗಂಡಂಗೆ."